ದೂರದ ಗುರಿಗೆ ಯಾವ ಮೊನೆ? ಕಮಲಾಪುರದ ಮಾಮಾ ಕೇಳಿದ ಪ್ರಶ್ನೆ

"ಅಳಿಯಾ, ಈ ಮೂರರಾಗ ಯಾವುದು ಚೊಲೊ ಹೇಳು. ದೂರದಿಂದ ಹೊಡದ್ರೂ ಬರೋಬ್ಬರಿ ಬೀಳಬೇಕು."

ಕಮಲಾಪುರದ ನನ್ನ ಸೋದರಮಾವ ವಾಟ್ಸ್‌ಆ್ಯಪ್‌ನಲ್ಲಿ ಮೂರು ಫೋಟೊ ಕಳಿಸಿ, ಬೆನ್ನಿಗೇ ಈ ವಾಯ್ಸ್ ಮೆಸೇಜ್ ಹಾಕಿದ್ದರು. ಫೋಟೊದಲ್ಲಿದ್ದವು ಬಾಣದ ಮೊನೆಗಳು. ಬೋರ್ಡಿಗೆ ಹೊಡೆಯುವ ಸಾದಾ ಮೊನೆಯಲ್ಲ, ಬ್ಲೇಡ್ ಇರುವಂಥವು. ಬ್ರಾಡ್‌ಹೆಡ್ ಅಂತಾರೆ. ಯಾವುದೋ ಶಾಪಿಂಗ್ ಆ್ಯಪ್‌ನಲ್ಲಿ ಸಿಕ್ಕಿವೆ.

ನಾನು ಶಹಾಬಜಾರಿನ ಹುಡುಗ. ಕಲಬುರಗಿಯಲ್ಲೇ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತೇನೆ. ನಾಲ್ಕು ವರ್ಷದಿಂದ ಶನಿವಾರ-ಭಾನುವಾರ ಕಾಂಪೌಂಡ್ ಬಿಲ್ಲು ಹಿಡಿದು ಐವತ್ತು ಮೀಟರ್ ದೂರದ ಬೋರ್ಡಿಗೆ ಹೊಡೆಯುವುದು ಹವ್ಯಾಸ. ಹಾಗಾಗಿ ನಮ್ಮ ಮನೆತನದಲ್ಲಿ ಬಿಲ್ಲಿನ ವಿಷಯಕ್ಕೆ ನಾನೇ 'ಎಕ್ಸ್‌ಪರ್ಟ್'. ಲ್ಯಾಪ್‌ಟಾಪ್ ಕೆಟ್ಟರೂ ನನ್ನನ್ನೇ ಕೇಳುತ್ತಾರೆ, ಅದು ಬೇರೆ ಮಾತು.

ಮಾಮಾ ಕೇಳಿದ್ದು ತಮಾಷೆಗಲ್ಲ. ಅವರದು ಒಂದೂವರೆ ಎಕರೆ ಕೆಂಪು ಬಾಳೆ, ಉಳಿದದ್ದೆಲ್ಲ ತೊಗರಿ. ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ, ಕಲಬುರಗಿ ತೊಗರಿಬೇಳೆಗೂ ಇದೆ. ಕಾಡುಹಂದಿಗೆ ಟ್ಯಾಗಿನ ಹಂಗಿಲ್ಲ. ರಾತ್ರಿ ಬಂದು ಬಾಳೆಯ ಬುಡ ಅಗೆದು, ಗಡ್ಡೆ ತಿಂದು, ತಿಂದದ್ದಕ್ಕಿಂತ ಹೆಚ್ಚು ಕೆಡವಿ ಹೋಗುತ್ತವೆ. ಒಂದು ಗಿಡ ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. "ಹತ್ತಿರ ಹೋದ್ರ ಮೈಮ್ಯಾಲ ಬರ್ತಾವ. ಅದಕ್ಕ ದೂರದಿಂದ ಹೊಡೆಯೋದು ನೋಡಲತ್ತೀನಿ" ಅಂದರು.

"ಬ್ಯಾಡ ಮಾಮಾ, ಅದು ಕಾನೂನಿಗೆ ವಿರುದ್ಧ" ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಅಮೆರಿಕದವರ ಬೇಟೆಯ ವಿಡಿಯೊಗಳನ್ನು ವಾರಗಟ್ಟಲೆ ನೋಡಿದ ಮನುಷ್ಯ ಒಂದು ಸಾಲಿಗೆ ಸುಮ್ಮನಾಗುವುದಿಲ್ಲ. ಅದಕ್ಕೇ ಮೊದಲು ಮೊನೆಯ ಲೆಕ್ಕ, ಆಮೇಲೆ ಕಾನೂನು ಅಂತ ಫೋನಿನಲ್ಲಿ ಒಂದು ತಾಸು ಮಾತಾಡಿದೆ. ಆ ಮಾತನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇನೆ. ಬಿಲ್ಲುಗಾರಿಕೆ ಶುರುಮಾಡುವ ಆಸೆ ಇರುವವರಿಗೂ ಅರ್ಧಕ್ಕರ್ಧ ಇದು ಉಪಯೋಗಕ್ಕೆ ಬರುತ್ತದೆ.

ಬಾಣ ಗುದ್ದುವುದಿಲ್ಲ, ಕೊಯ್ಯುತ್ತದೆ

ಟಿವಿಯ ಮಹಾಭಾರತದಲ್ಲಿ ಅರ್ಧಚಂದ್ರದ ಆಕಾರದ ಬಾಣ ಹಾರಿ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಗ್ರಾಫಿಕ್ಸ್‌ನವರ ಕಲ್ಪನೆ ಮಾತ್ರ ಅಲ್ಲ. ನಮ್ಮ ಹಳೆಯ ಧನುರ್ವೇದ ಗ್ರಂಥಗಳಲ್ಲಿ ಮೊನೆಗಳದೇ ಒಂದು ಪಟ್ಟಿ ಇದೆ: ಅರ್ಧಚಂದ್ರ, ಕ್ಷುರಪ್ರ, ಭಲ್ಲ, ವತ್ಸದಂತ, ಸೂಚಿಮುಖ. ಕ್ಷುರ ಅಂದರೆ ಕ್ಷೌರದ ಕತ್ತಿ, ಸೂಚಿ ಅಂದರೆ ಸೂಜಿ. ಕೊಯ್ಯುವುದಕ್ಕೆ ಒಂದು, ಚುಚ್ಚುವುದಕ್ಕೆ ಒಂದು. ಇವತ್ತಿನ ಅಂಗಡಿಯ ಬ್ರಾಡ್‌ಹೆಡ್ ಮತ್ತು ಫೀಲ್ಡ್ ಪಾಯಿಂಟ್ ನಡುವಿನ ವ್ಯತ್ಯಾಸವೂ ಇಷ್ಟೇ.

ಕೊಯ್ಯುವ ಅಲಗು ಯಾಕೆ ಬೇಕು? ನನ್ನ ಬಿಲ್ಲಿನಿಂದ 25 ಗ್ರಾಂ ತೂಕದ ಬಾಣ ಸೆಕೆಂಡಿಗೆ ಸುಮಾರು 80 ಮೀಟರ್ ವೇಗದಲ್ಲಿ ಹೊರಡುತ್ತದೆ. ಪಿಯುಸಿಯ ಸೂತ್ರ ಹಾಕಿದರೆ 80 ಜೂಲ್ ಶಕ್ತಿ. ಗಂಟೆಗೆ 115 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇರುತ್ತದೆ. ನೂರು ಕಿಲೋ ತೂಗಬಲ್ಲ ಪ್ರಾಣಿಯನ್ನು ಆ ಪೆಟ್ಟು ಬೀಳಿಸುವುದಿಲ್ಲ. ಬಾಣದಿಂದ ಪ್ರಾಣಿ ಸಾಯುವುದು ಅಲಗು ರಕ್ತನಾಳ ಕೊಯ್ದು ರಕ್ತ ಸೋರಿದಾಗ ಮಾತ್ರ. ಎದೆಗೂಡಿನ ಒಂದು ಸಣ್ಣ ಜಾಗಕ್ಕೆ ಬಿದ್ದರೆ ಬೇಗ ಸಾಯುತ್ತದೆ. ಹೊಟ್ಟೆಗೋ ತೊಡೆಗೋ ಬಿದ್ದರೆ ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ. ಬೇಟೆ ಕಾನೂನುಬದ್ಧವಾಗಿರುವ ಅಮೆರಿಕದಲ್ಲೂ ಬಹಳಷ್ಟು ರಾಜ್ಯಗಳು ಅಲಗು ಕನಿಷ್ಠ ಇಷ್ಟು ಅಗಲ ಇರಬೇಕು ಅಂತ ನಿಯಮ ಮಾಡಿರುವುದು ಇದೇ ಕಾರಣಕ್ಕೆ.

ಮಾಮಾ ಕಳಿಸಿದ ಮೂರರಲ್ಲಿ ಒಂದು ಎರಡು ಅಲಗಿನದು, ಅಗಲವಾಗಿ, ಈಟಿಯ ತುದಿಯ ಹಾಗೆ. ಇನ್ನೊಂದು ಮೂರು ಅಲಗಿನದು, ಗಿಡ್ಡ, ಅಲಗಿನ ನಡುವೆ ಗಾಳಿ ಹಾಯಲು ಕಿಂಡಿ. ಮೂರನೆಯದು ಮೆಕ್ಯಾನಿಕಲ್: ಹಾರುವಾಗ ಅಲಗು ಮಡಚಿಕೊಂಡಿರುತ್ತದೆ, ಬಡಿದಾಗ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ.

ಮುಂದೆ ರೆಕ್ಕೆ ಕಟ್ಟಿದ ಬಾಣ

ಬಾಣದ ಹಿಂದೆ ಗರಿ ಯಾಕಿರುತ್ತದೆ? ಹಿಂಭಾಗ ಆಚೀಚೆ ಹೊರಳಿದರೆ ಗಾಳಿ ಅದನ್ನು ತಳ್ಳಿ ಮತ್ತೆ ಸಾಲಿಗೆ ತರಲಿ ಅಂತ. ಈಗ ಮುಂದಿನ ತುದಿಗೂ ಅಗಲವಾದ ಅಲಗು ಸಿಕ್ಕಿಸಿದಿರಿ ಅನ್ನಿ. ಅದೂ ಒಂದು ರೆಕ್ಕೆಯೇ. ಬಾಣ ಬಿಲ್ಲಿನಿಂದ ಒಂದಿಷ್ಟು ಸೊಟ್ಟ ಹೊರಟರೂ ಮುಂದಿನ ರೆಕ್ಕೆ ಅದನ್ನು ಆ ಸೊಟ್ಟ ದಿಕ್ಕಿಗೇ ಎಳೆಯುತ್ತದೆ. ಹಿಂದಿನ ಗರಿ ಸರಿಮಾಡಲು ನೋಡುತ್ತದೆ, ಮುಂದಿನ ಅಲಗು ಕೆಡಿಸಲು ನೋಡುತ್ತದೆ. ಹತ್ತು ಮೀಟರಿನಲ್ಲಿ ಈ ಜಗಳ ಕಣ್ಣಿಗೆ ಕಾಣುವುದಿಲ್ಲ. ಐವತ್ತು ಮೀಟರಿಗೆ ಹೋಗುವಷ್ಟರಲ್ಲಿ ಅದೇ ಬಿಲ್ಲು, ಅದೇ ಕೈ, ಅದೇ ತೂಕದ ಮೊನೆ ಇದ್ದರೂ ಬ್ರಾಡ್‌ಹೆಡ್ ಒಂದು ಕಡೆ, ಫೀಲ್ಡ್ ಪಾಯಿಂಟ್ ಇನ್ನೊಂದು ಕಡೆ ಬೀಳುತ್ತವೆ.

ಹಾಗಾದರೆ ದೂರಕ್ಕೆ ನೇರ ಹಾರುವುದು ಯಾವುದು? ಬರೀ ಹಾರಾಟ ನೋಡಿದರೆ ಮೆಕ್ಯಾನಿಕಲ್ಲಿಗೆ ಮೊದಲ ನಂಬರು, ಯಾಕಂದರೆ ಅಲಗು ಮಡಚಿದಾಗ ಅದು ಸಾದಾ ಮೊನೆಯಂತೆಯೇ. ಆಮೇಲೆ ಗಿಡ್ಡ ಮೂರಲಗು. ಅಗಲದ ಎರಡಲಗು ಕೊನೆಗೆ. ಜಾಹೀರಾತಿನವರು ಇಲ್ಲಿಗೆ ನಿಲ್ಲಿಸುತ್ತಾರೆ.

ಬಡಿದ ಮೇಲಿನ ಕಥೆ ಇದಕ್ಕೆ ತದ್ವಿರುದ್ಧ. ಅಲಗು ಬಿಚ್ಚಿಕೊಳ್ಳಲಿಕ್ಕೆ ಶಕ್ತಿ ಬೇಕು, ಅದು ಒಳಗೆ ಇಳಿಯುವ ಶಕ್ತಿಯಿಂದಲೇ ಕಡಿತವಾಗುತ್ತದೆ. ದೂರ ಹೋದಷ್ಟೂ ಬಾಣದ ವೇಗ ಇಳಿದಿರುತ್ತದೆ. ಅಂದರೆ ಶಕ್ತಿ ಎಲ್ಲಿ ಕಮ್ಮಿಯೋ ಅಲ್ಲೇ ಈ ಮೊನೆ ಹೆಚ್ಚು ಕೇಳುತ್ತದೆ. ಅದರ ಮೇಲೆ ಬಲಿತ ಗಂಡುಹಂದಿಯ ಹೆಗಲ ಮೇಲೆ ಚರ್ಮದಡಿ ದಪ್ಪನೆಯ ಗಟ್ಟಿ ಪದರ ಇರುತ್ತದೆ, ಹಂದಿ-ಹಂದಿ ಕಾದಾಡುವಾಗ ಕೋರೆಯಿಂದ ಉಳಿಸುವ ಗುರಾಣಿ. ಓರೆಯಾಗಿ ಬಡಿದ ಮೆಕ್ಯಾನಿಕಲ್ ಮೊನೆ ಅಲ್ಲಿ ಜಾರಬಹುದು, ಅರ್ಧಕ್ಕೇ ನಿಲ್ಲಬಹುದು. ಹಂದಿಗೆ ಸರಿಹೋಗುವುದು ಗಟ್ಟಿಯಾದ ಎರಡಲಗು, ಅದೂ ಭಾರದ ಬಾಣಕ್ಕೆ. ಅದು ದೂರಕ್ಕೆ ಎಲ್ಲಕ್ಕಿಂತ ಹಟಮಾರಿ.

ನೇರ ಹಾರುವುದು ಸರಿಯಾಗಿ ಕೊಯ್ಯುವುದಿಲ್ಲ, ಕೊಯ್ಯುವುದು ನೇರ ಹಾರುವುದಿಲ್ಲ. ಮಾಮಾ ಕೇಳಿದ ಪ್ರಶ್ನೆಗೆ ಖರೆ ಉತ್ತರ ಇದು. ಇದನ್ನು ಕೇಳಿ ಅವರು "ಅಂದ್ರ ನಾಕನೇದು ಯಾವುದರ ಅದ ಏನು?" ಅಂದರು.

ಮೊನೆಗಿಂತ ಹಿಂದಿನದ್ದೇ ಜಾಸ್ತಿ

ನಾಲ್ಕನೆಯದು ಇಲ್ಲ. ದುಬಾರಿ ಮೊನೆ ಕೊಂಡರೆ ಗುರಿ ಸುಧಾರಿಸುತ್ತದೆ ಅನ್ನುವುದು, ನಿಧಾನ ಇರುವ ಕೋಡನ್ನು ಬಿಟ್ಟು ಹೊಸ ಲ್ಯಾಪ್‌ಟಾಪ್ ಕೊಂಡ ಹಾಗೆ. ನೋಡಬೇಕಾದದ್ದು ಬಾಣ ಬಿಲ್ಲಿನಿಂದ ನೇರ ಹೊರಡುತ್ತದೆಯೋ ಇಲ್ಲವೋ ಅನ್ನುವುದನ್ನು.

ಇದರಲ್ಲಿ ಹೆಚ್ಚು ತಪ್ಪಾಗುವುದು ಸ್ಪೈನ್ ಆಯ್ಕೆಯಲ್ಲಿ. ಬಾಣದ ಕಡ್ಡಿ ಎಷ್ಟು ಬಾಗುತ್ತದೆ ಅನ್ನುವ ಅಳತೆ ಇದು. 28 ಇಂಚಿನ ಅಂತರದಲ್ಲಿ ಎರಡು ಆಧಾರ ಇಟ್ಟು, ಮೇಲೆ ಕಡ್ಡಿ ಮಲಗಿಸಿ, ನಡುವೆ 880 ಗ್ರಾಂ ತೂಕ ತೂಗುಹಾಕುತ್ತಾರೆ. ಅರ್ಧ ಇಂಚು ಬಾಗಿದರೆ ಅದು 500 ಸ್ಪೈನ್, 0.4 ಇಂಚು ಬಾಗಿದರೆ 400. ನಂಬರು ಕಮ್ಮಿ ಇದ್ದಷ್ಟೂ ಕಡ್ಡಿ ಬಿರುಸು. ಬಿಲ್ಲು ಬಿಟ್ಟ ಕೂಡಲೇ ಹಿಂದಿನಿಂದ ನೂಕು ಬಿದ್ದು ಕಡ್ಡಿ ಹಾವಿನಂತೆ ಬಳುಕುತ್ತದೆ. ಮುಂದಿನ ತೂಕ ಹೆಚ್ಚಿದಷ್ಟೂ ಬಳುಕು ಹೆಚ್ಚು. ಹಾಗಾಗಿ 100 ಗ್ರೇನ್ ಮೊನೆ ತೆಗೆದು 125 ಗ್ರೇನಿನದು ಹಾಕಿದರೆ ನೀವು ಮೊನೆ ಮಾತ್ರ ಬದಲಿಸಿದ ಹಾಗಲ್ಲ, ಬಾಣವನ್ನೇ ಮೆದುವಾಗಿಸಿದ ಹಾಗೆ.

ಗ್ರೇನ್ ಅಂದರೆ ಗಾಬರಿ ಬೇಡ. ಬಂಗಾರದ ಹಳೆಯ ತೊಲೆ ಅಂದರೆ 180 ಗ್ರೇನ್. 100 ಗ್ರೇನ್ ಅಂದರೆ ಆರೂವರೆ ಗ್ರಾಂ, ಅರ್ಧ ತೊಲೆಗಿಂತ ಚೂರು ಹೆಚ್ಚು. ಡಬ್ಬಿಯ ಮೇಲೆ 100 ಅಂತ ಬರೆದ ಮೊನೆಗಳೆಲ್ಲ ಬರೋಬ್ಬರಿ 100 ಇರುವುದಿಲ್ಲ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ನನ್ನ ಹನ್ನೆರಡು ಮೊನೆಗಳನ್ನು ಪರಿಚಯದ ಸರಾಫರ ತಕ್ಕಡಿಯಲ್ಲಿ ತೂಗಿಸಿದೆ. ಅವರು ಒಂದೊಂದನ್ನೂ ಉಂಗುರದಂತೆ ತಿರುಗಿಸಿ ನೋಡಿ, "ಇದರಾಗ ಬಂಗಾರ ಎಲ್ಲೈತಿ?" ಅಂತ ನಕ್ಕರು. ತೂಕ ಹೊಂದಿದ ಎಂಟನ್ನು ಒಂದು ಸೆಟ್ ಮಾಡಿದೆ, ಉಳಿದ ನಾಲ್ಕು ಪ್ರಾಕ್ಟೀಸಿಗೆ. ಆ ಎಂಟರ ಗುಂಪು ಬೋರ್ಡಿನ ಮೇಲೆ ಕಣ್ಣಿಗೆ ಕಾಣುವಷ್ಟು ಬಿಗಿಯಾಯಿತು. ಇದಕ್ಕೆ ಖರ್ಚಾದದ್ದು ಒಂದು ಕಪ್ ಚಹಾ.

ಇನ್ನೊಂದು ಲೆಕ್ಕ, ಸಮತೋಲನದ್ದು. ಬಾಣವನ್ನು ಬೆರಳ ಮೇಲೆ ಅಡ್ಡ ಇಟ್ಟು ಎಲ್ಲಿ ಸಮ ನಿಲ್ಲುತ್ತದೆ ನೋಡಿ. 75 ಸೆಂ.ಮೀ. ಬಾಣದ ನಡು 37.5. ಅದು ಹಿಂದಿನಿಂದ 46ಕ್ಕೆ ಸಮ ನಿಂತರೆ ವ್ಯತ್ಯಾಸ 8.5, ಅಂದರೆ ಉದ್ದದ ಶೇ 11ರಷ್ಟು ಮುಂಭಾರ. ಸಾಮಾನ್ಯವಾಗಿ ಶೇ 10ರಿಂದ 15ರೊಳಗೆ ಇದ್ದರೆ ಚೆನ್ನಾಗಿ ಹಾರುತ್ತದೆ. ತುಂಬಾ ಕಮ್ಮಿಯಾದರೆ ಅಲ್ಲಾಡುತ್ತದೆ, ಹೆಚ್ಚಾದರೆ ದೂರದಲ್ಲಿ ಮೂತಿ ಕೆಳಗೆ ಮಾಡುತ್ತದೆ.

ಅಮೆರಿಕದ ಬೇಟೆಗಾರರು ಬ್ರಾಡ್‌ಹೆಡ್ ಹಾಕುವ ಮೊದಲು ಬಾಣವನ್ನು ತುದಿಯ ಮೇಲೆ ಬುಗುರಿಯಂತೆ ತಿರುಗಿಸಿ ನಡುಕ ಇದೆಯಾ ನೋಡುತ್ತಾರೆ. ಆಮೇಲೆ ಎರಡೂ ಬಗೆಯ ಮೊನೆಯಲ್ಲಿ ಗುಂಪು ಹೊಡೆದು ಹೋಲಿಸುತ್ತಾರೆ. ಬ್ರಾಡ್‌ಹೆಡ್ ಗುಂಪು ಎಡಕ್ಕಿದ್ದರೆ ಬಾಣ ಕೂರುವ ರೆಸ್ಟನ್ನು ಒಂದು ಮಿಲಿಮೀಟರಿಗಿಂತ ಕಮ್ಮಿ ಬಲಕ್ಕೆ ಸರಿಸುವುದು, ಮತ್ತೆ ಹೊಡೆಯುವುದು, ಮತ್ತೆ ಸರಿಸುವುದು. ಎರಡೂ ಗುಂಪು ಒಂದಾಗುವವರೆಗೆ ಇದೇ ಕೆಲಸ. ಹತ್ತು ನಿಮಿಷದ ವಿಡಿಯೊದಲ್ಲಿ ಈ ಭಾಗ ಎಡಿಟ್ ಆಗಿ ಹೋಗಿರುತ್ತದೆ.

ಅರ್ಧ ಸೆಕೆಂಡು

ಸರಿ, ಇದೆಲ್ಲ ಮಾಡಿದಿರಿ. ಬಿಲ್ಲು ಟ್ಯೂನ್ ಆಯಿತು, ಎರಡೂ ಮೊನೆ ಒಂದೇ ಕಡೆ ಬೀಳುತ್ತಿವೆ. ಈಗ ಐವತ್ತು ಮೀಟರಿಗೆ ಹೊಡೆಯಿರಿ.

ಬಾಣ ಅಲ್ಲಿಗೆ ಮುಟ್ಟಲು ಸುಮಾರು 0.65 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಗುರುತ್ವಕ್ಕೆ ಎರಡು ಮೀಟರಿನಷ್ಟು ಕುಸಿದಿರುತ್ತದೆ. ಬಿಲ್ಲಿನ ಸೈಟ್ ಈ ಕುಸಿತವನ್ನು ಲೆಕ್ಕ ಹಿಡಿದು ಮೇಲಕ್ಕೆ ಗುರಿ ಇಡಿಸುತ್ತದೆ. ಆದರೆ ದೂರ ನಿಖರವಾಗಿ ಗೊತ್ತಿದ್ದರೆ ಮಾತ್ರ. 50 ಅಂದುಕೊಂಡದ್ದು 53 ಆಗಿದ್ದರೆ ಬಾಣ ಸುಮಾರು 12 ಸೆಂ.ಮೀ. ಕೆಳಗೆ ಬೀಳುತ್ತದೆ. ಕಾಂಪೌಂಡ್ ಸ್ಪರ್ಧೆಯಲ್ಲಿ ಐವತ್ತು ಮೀಟರ್ ಬೋರ್ಡಿನ ಹತ್ತು ಅಂಕದ ವೃತ್ತ ಇರುವುದೇ 8 ಸೆಂ.ಮೀ. ಅಗಲ. ಬಾಳೆತೋಟದಲ್ಲಿ, ರಾತ್ರಿ, ಟಾರ್ಚ್ ಬೆಳಕಿನಲ್ಲಿ ಮೂರು ಮೀಟರಿನ ತಪ್ಪು ಯಾರಿಗೂ ಆಗುತ್ತದೆ.

ಇದಕ್ಕಾದರೂ ದೂರ ಅಳೆಯುವ ರೇಂಜ್‌ಫೈಂಡರ್ ಇದೆ ಅನ್ನಿ. ಆದರೆ ಬಿಲ್ಲು ಬಿಟ್ಟ ಸದ್ದು ಐವತ್ತು ಮೀಟರ್ ಹೋಗಲು ಸಾಕಾಗುವುದು 0.15 ಸೆಕೆಂಡು. ಬಾಣ ಬರುವ ಅರ್ಧ ಸೆಕೆಂಡು ಮೊದಲೇ ಪ್ರಾಣಿಗೆ ಸುದ್ದಿ ಮುಟ್ಟಿರುತ್ತದೆ. ಓಡಲಿಕ್ಕೆ ಅದು ಮೊದಲು ಕಾಲು ಮಡಚಿ ಮೈ ತಗ್ಗಿಸುತ್ತದೆ. ಕಾಲು ಸೆಕೆಂಡಿನಲ್ಲಿ ಮೈ ಕುಸಿಯಬಹುದಾದ ಅಂತರ 30 ಸೆಂ.ಮೀ. ನೀವು ಎದೆಗೆ ಬಿಟ್ಟ ಬಾಣ ಬೆನ್ನ ಮೇಲೆ ಹಾದುಹೋಗುತ್ತದೆ, ಇಲ್ಲವೇ ಬೆನ್ನಿಗೆ ನಾಟುತ್ತದೆ. ಎಷ್ಟೇ ದುಬಾರಿ ಮೊನೆ ಇದ್ದರೂ ಈ ಅರ್ಧ ಸೆಕೆಂಡನ್ನು ಟ್ಯೂನ್ ಮಾಡಲು ಬರುವುದಿಲ್ಲ.

ವಿಡಿಯೊದಲ್ಲಿ 80 ಗಜಕ್ಕೆ, ಅಂದರೆ 73 ಮೀಟರಿಗೆ, ಜಿಂಕೆ ಹೊಡೆದದ್ದನ್ನು ತೋರಿಸುತ್ತಾರೆ. ತಪ್ಪಿದ್ದನ್ನು, ಗಾಯವಾಗಿ ಪೊದೆಗೆ ನುಗ್ಗಿದ್ದನ್ನು ಅಪ್‌ಲೋಡ್ ಮಾಡುವವರು ಕಮ್ಮಿ. ಒಂದು ಮಾತು ಗಮನಿಸಿ. ವರ್ಲ್ಡ್ ಆರ್ಚರಿಯ 3-ಡಿ ಸ್ಪರ್ಧೆಯಲ್ಲಿ ಫೋಮಿನ ಹಂದಿ, ಜಿಂಕೆ ನಿಲ್ಲಿಸಿ, ದೂರ ಹೇಳದೆ ಹೊಡೆಸುತ್ತಾರೆ. ಅಲ್ಲಿಯೂ ಕಾಂಪೌಂಡ್ ಬಿಲ್ಲಿಗೆ ಗರಿಷ್ಠ ದೂರ 45 ಮೀಟರ್. ಅದೂ ಅಲುಗಾಡದ ಹಂದಿ, ನೋವಿಲ್ಲದ ಹಂದಿ, ಹೊಡೆಯುವವರು ಜಗತ್ತಿನ ಅತ್ಯುತ್ತಮರು.

ಗಾಯಗೊಂಡ ಹಂದಿ ಎಲ್ಲಿಗೆ ಹೋಗುತ್ತದೆ? ಬಾಳೆತೋಟದೊಳಗೇ. ಬೆಳಿಗ್ಗೆ ಆ ತೋಟಕ್ಕೆ ನೀರು ಬಿಡಲಿಕ್ಕೆ ಹೋಗುವವರು ನಮ್ಮ ಅತ್ತೆ. ಇದನ್ನು ಹೇಳಿದಾಗ ಫೋನಿನ ಆ ಕಡೆ ಮಾಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾಗದದ ಮಾತು

"ನಮ್ಮ ಮುತ್ಯಾನ ಕಾಲದಾಗ ಹೊಡೀತಿದ್ರಲ್ಲ" ಅನ್ನುವ ವಾದವೂ ಬಂತು. ಹೌದು, ಈ ನೆಲದಲ್ಲಿ ಬೇಟೆಗೆ ದೊಡ್ಡ ಇತಿಹಾಸವೇ ಇದೆ. ಕಮಲಾಪುರದಿಂದ ಹುಮನಾಬಾದ್ ದಾಟಿ ಹೋದರೆ ಸಿಗುವ ಬಸವಕಲ್ಯಾಣ ಆಗ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ 12ನೇ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅಡುಗೆ, ಸಂಗೀತಗಳ ಜೊತೆಗೆ ಬೇಟೆಯನ್ನೂ ರಾಜರ ವಿನೋದವಾಗಿ ವಿವರಿಸಿದ್ದಾನೆ. ಸುರಪುರದ ಬೇಡ ನಾಯಕರ ಹೆಸರಿನಲ್ಲೇ ಬೇಟೆ ಇದೆ. ಆದರೆ ಆಗಿನ ಕಾಡು ಈಗಿಲ್ಲ, ಆಗಿನ ಕಾನೂನೂ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪಟ್ಟಿಯಲ್ಲಿರುವ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯ ಮಾಡುವುದು, ಉರುಳು ಹಾಕುವುದು, ವಿಷ ಇಡುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ. ಬಾಣ ತಪ್ಪಿತು, ಹಂದಿ ಓಡಿತು ಅಂದರೂ ಅಪರಾಧವೇ. 2022ರಲ್ಲಿ ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ತೊಗರಿ ಹೊಲಗಳಿಗೆ ಬರುವ ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿಯದು. ಅದಕ್ಕೆ ಕನಿಷ್ಠ ಮೂರು ವರ್ಷ, ಏಳರವರೆಗೂ ಹೋಗಬಹುದು.

ರೈತನಿಗೆ ಬಾಗಿಲೇ ಇಲ್ಲವಾ? 11ನೇ ಸೆಕ್ಷನ್‌ನಲ್ಲಿ ಒಂದು ಕಿರುಬಾಗಿಲು ಇದೆ. ಎರಡನೇ ಅನುಸೂಚಿಯ ಪ್ರಾಣಿ ಬೆಳೆದು ನಿಂತ ಬೆಳೆಗೆ ಅಪಾಯ ಅಂತ ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಚಿಗರಿಗೆ ಬೆಳೆ ಹಾನಿಯ ಕಾರಣ ನಡೆಯುವುದಿಲ್ಲ. ಆ ಲಿಖಿತ ಆದೇಶ ಕೈಯಲ್ಲಿಲ್ಲದೆ ರಜೆಗೆ ಬಂದ ಅಳಿಯ ಹವ್ಯಾಸದ ಬಿಲ್ಲು ತಂದು ನಿಂತರೆ ಇಬ್ಬರೂ ಒಳಗೆ.

ಇದನ್ನು ಬರೆಯುವಾಗ ನನಗೆ ರೈತರ ಬಗ್ಗೆ ಮೇಲಿನಿಂದ ಮಾತಾಡುವ ಮನಸ್ಸಿಲ್ಲ. ಬೆಂಗಳೂರಿನಲ್ಲಿ ಕೂತು "ಪ್ರಾಣಿಗಳ ಜಾಗ ನಾವು ಕಸಿದುಕೊಂಡಿದ್ದೇವೆ" ಅಂತ ಸ್ಟೇಟಸ್ ಹಾಕುವುದು ಸುಲಭ. ವರ್ಷದ ಬಾಳೆ ಒಂದು ರಾತ್ರಿಯಲ್ಲಿ ನೆಲ ಕಂಡವರಿಗೆ ಬೇರೆ ಲೆಕ್ಕ ಇರುತ್ತದೆ. ಮಾಮಾ ಜೊತೆ ಕೂತು ಕೊನೆಗೆ ನಾನು ಆರ್ಡರ್ ಮಾಡಿದ್ದು ಸೋಲಾರ್ ಬೇಲಿಯ ಸಾಮಾನು. ಹಂದಿಗೆ ಅಂತ ಕೆಳಗಿನ ತಂತಿಗಳು ನೆಲಕ್ಕೆ ಹತ್ತಿರ ಇರಬೇಕು, ಯಾಕಂದರೆ ಅದು ಸಾಮಾನ್ಯವಾಗಿ ಹಾರುವುದಕ್ಕಿಂತ ಮೂತಿಯಿಂದ ಎತ್ತಿ ನುಗ್ಗುವುದೇ ಹೆಚ್ಚು. ತಂತಿಗೆ ಹುಲ್ಲು ತಾಗಿದರೆ ಕರೆಂಟು ನೆಲಕ್ಕೆ ಸೋರುತ್ತದೆ, ಹಾಗಾಗಿ ಕಳೆ ಕೀಳುತ್ತಿರಬೇಕು. ಕಂಬದಿಂದ ನೇರ ಲೈನ್ ಎಳೆಯುವ ಯೋಚನೆಯಂತೂ ಯಾರೂ ಮಾಡಬಾರದು. ಅದು ಹಂದಿ ಯಾವುದು, ಪಕ್ಕದ ಹೊಲದ ಹುಡುಗ ಯಾರು ಅಂತ ನೋಡುವುದಿಲ್ಲ. ಹಾನಿಯಾದ ದಿನವೇ ಫೋಟೊ ತೆಗೆದು, ಪಹಣಿ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಅರಣ್ಯ ಇಲಾಖೆಯಲ್ಲಿ ಬೆಳೆ ಹಾನಿ ಪರಿಹಾರದ ಅರ್ಜಿಗೆ 'ಇ-ಪರಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ಇದೆ.

ಹಾಗಾದರೆ ನೀವು ಕೊಳ್ಳಬೇಕಾದ ಮೊನೆ

ಬಿಲ್ಲಿನ ಹುಚ್ಚು ಹತ್ತಿದವರಿಗೆ ನಮ್ಮಲ್ಲಿ ದಾರಿ ಇದೆ, ಅದು ಟಾರ್ಗೆಟ್ ಆರ್ಚರಿ. 2023ರಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾಂಪೌಂಡ್ ವೈಯಕ್ತಿಕ ಚಿನ್ನ ಗೆದ್ದಾಗ ಪಕ್ಕದ ಮಹಾರಾಷ್ಟ್ರದ ಸಾತಾರಾದ ಅದಿತಿ ಸ್ವಾಮಿಗೆ 17 ವರ್ಷ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಇರುತ್ತದೆ.

ಇದಕ್ಕೆ ಬ್ರಾಡ್‌ಹೆಡ್ ಬೇಡವೇ ಬೇಡ. ಅದು ಬೋರ್ಡನ್ನು ಕೊಯ್ದು ಹಾಳುಮಾಡುತ್ತದೆ, ರೇಂಜಿನಲ್ಲಿ ಒಳಗೇ ಬಿಡುವುದಿಲ್ಲ. ಬುಲೆಟ್ ಆಕಾರದ ಸಾದಾ ಸ್ಟೀಲ್ ಮೊನೆ ಸಾಕು. ಮೊದಲು ನಿಮ್ಮ ಬಿಲ್ಲಿನ ಎಳೆತ, ಕೈಯ ಉದ್ದ ಅಳೆಸಿ ಸ್ಪೈನ್ ಗೊತ್ತುಮಾಡಿಕೊಳ್ಳಿ, ಆಮೇಲೆ ಅದಕ್ಕೆ ಹೊಂದುವ ತೂಕದ ಮೊನೆ ಕೊಳ್ಳಿ. ಉಲ್ಟಾ ಮಾಡಬೇಡಿ. ಒಂದೇ ಸಲ ಡಜನ್ ಕೊಂಡು, ತೂಗಿಸಿ, ಸೆಟ್ ಮಾಡಿಟ್ಟುಕೊಳ್ಳಿ. ಒಂದು ಕಳೆದರೆ ಬೇರೆ ಕಂಪನಿಯದು ಸೇರಿಸಬೇಡಿ.

ಮನೆ ಮಾಳಿಗೆ ಮೇಲೆ ಪ್ರಾಕ್ಟೀಸ್ ಮಾಡಬಹುದಾ ಅಂತ ನನ್ನ ತಮ್ಮನ ಗೆಳೆಯರು ಕೇಳುತ್ತಿರುತ್ತಾರೆ. ಶಹಾಬಜಾರಿನಂಥ ಒತ್ತೊತ್ತಾದ ಓಣಿಯಲ್ಲಿ ಖಂಡಿತ ಬೇಡ. ಮೇಲ್ಮುಖವಾಗಿ ಕೈ ತಪ್ಪಿ ಬಿಟ್ಟ ಕಾಂಪೌಂಡ್ ಬಾಣ ಕಾಲು ಕಿಲೋಮೀಟರ್ ದಾಟಿ ಹೋಗುತ್ತದೆ, ಸಾದಾ ಮೊನೆಯದಾದರೂ ಮನುಷ್ಯನ ಮೈಯೊಳಗೆ ಇಳಿಯುತ್ತದೆ. ಹಿಂದೆ ಮಣ್ಣಿನ ದಿಬ್ಬವೋ ಬಾಣ ಹಿಡಿಯುವ ಬಲೆಯೋ ಇರುವ ಮೈದಾನ ಸಿಗುವವರೆಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಎಳೆಯುವ ಅಭ್ಯಾಸ ಮಾಡಿ. ಮೊದಲ ಎರಡು ತಿಂಗಳು ಕೋಚ್ ಹೇಗೂ ಅದನ್ನೇ ಮಾಡಿಸುತ್ತಾರೆ.